ಅಕ್ಷರಕ್ಕಾಗಿ ಒಡೆದ ಬೀಗ

2012ಕ್ಕೆ ಮುಂಚಿನ ಬಹುಪಾಲು ಆಂಡ್ರಾಯ್ಡ್ ಫೋನುಗಳಿಗೆ ಕನ್ನಡ ಬರುತ್ತಿರಲಿಲ್ಲ. ಅಕ್ಷರವಿರಬೇಕಾದಲ್ಲಿ ಸಾಲುಸಾಲು ಖಾಲಿ ಚೌಕಗಳು. ತೆಲುಗಿನ ಗತಿಯೂ ಅದೇ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವವರಿರುವ ಆಂಧ್ರದ ಕಲ್ಯಾಣದುರ್ಗ, ಮಡಕಶಿರಾ, ಹಿಂದೂಪುರದ ಕಡೆಯವರಿಗೆ ಎರಡು ಭಾಷೆಯೂ ಒಟ್ಟಿಗೇ ಮೂಕವಾಗಿದ್ದ ಕಾಲವದು. ಓಪೆರಾ ಮಿನಿಯ ಒಳಗಿನ ಸೆಟ್ಟಿಂಗ್ ಬದಲಿಸಿ ಅಕ್ಷರಗಳನ್ನು ಚಿತ್ರವಾಗಿ ತರಿಸಿಕೊಳ್ಳುವುದು ಒಂದು ದಾರಿ. ಫೋನನ್ನು ರೂಟ್ ಮಾಡಿ, ಅಂದರೆ ಕಂಪನಿ ಹಾಕಿದ ಬೀಗ ಒಡೆದು, ಸಿಸ್ಟಂ ಫೋಲ್ಡರಿಗೇ ಫಾಂಟ್ ತುರುಕುವುದು ಇನ್ನೊಂದು. ಆಂಡ್ರಾಯ್ಡ್ 4.1 ಕನ್ನಡ, ತೆಲುಗು, ಮಲಯಾಳಂ ಫಾಂಟುಗಳನ್ನು ಜೊತೆಗೇ ತಂದ ಮೇಲೆ ಈ ಪಾಡು ತಪ್ಪಿತು. ಹಾಗಾಗಿ ಫೋನಿನ ಬೀಗ ಒಡೆಯುವುದನ್ನು ಪುಂಡಾಟವೆಂದು ತಳ್ಳಿಹಾಕುವಂತಿಲ್ಲ. ಆದರೆ ಆಗ ಒಡೆದವನಿಗೆ ತಾನು ಏನು ಒಡೆಯುತ್ತಿದ್ದೇನೆಂಬುದು ಗೊತ್ತಿತ್ತು. ಈಗ ಒಡೆಯುವವನಿಗೆ ಅಲ್ಲೊಂದು ಬೀಗವಿತ್ತೆಂಬುದೇ ತಿಳಿಯುವುದಿಲ್ಲ.

ಈ ಬೀಗ ಒಡೆಯುವ ಆಟ ಹೆಸರಾದದ್ದು ಆಪಲ್ ಕಂಪನಿಯ ಐಫೋನಿನಿಂದ. 2007ರಲ್ಲಿ ಅದು ಬಂದಾಗ ಹೊರಗಿನವರ ಆ್ಯಪ್‌ಗೆ ಜಾಗವೇ ಇರಲಿಲ್ಲ. ಕಂಪನಿಯ ಆ್ಯಪ್ ಸ್ಟೋರ್ ತೆರೆದದ್ದು 2008ರ ಜುಲೈಯಲ್ಲಿ. ಅಷ್ಟರೊಳಗೆ ಹವ್ಯಾಸಿಗಳು ಅದರ ಬೀಗ ಒಡೆದು, ಅಂದರೆ ಜೈಲ್‌ಬ್ರೇಕ್ ಮಾಡಿ, ಸಿಡಿಯಾ ಎಂಬ ತಮ್ಮದೇ ಅಂಗಡಿ ಇಟ್ಟಾಗಿತ್ತು. ಬೆಲೆ ತೆರಬೇಕಾದದ್ದು ಆಮೇಲೆ. ಹೀಗೆ ಬಿಚ್ಚಿದ ಫೋನುಗಳಲ್ಲಿ ದೂರದಿಂದ ಒಳಹೊಗುವ ಎಸ್‌ಎಸ್‌ಎಚ್ ಎಂಬ ಸೌಲಭ್ಯ ಹಾಕಿಕೊಂಡ ಹಲವರು ‘ಆಲ್ಪೈನ್’ ಎಂಬ ಮೂಲ ಪಾಸ್‌ವರ್ಡನ್ನು ಬದಲಿಸಿರಲಿಲ್ಲ. 2009ರ ನವೆಂಬರಿನಲ್ಲಿ ಆಸ್ಟ್ರೇಲಿಯಾದಲ್ಲಿ ‘ಇಕಿ’ ಎಂಬ, ತಾನೇ ಹರಡುವ ವರ್ಮ್ ಆ ಬಾಗಿಲಲ್ಲಿ ನುಗ್ಗಿ, ಗಾಯಕ ರಿಕ್ ಆಸ್ಟ್ಲಿಯ ಚಿತ್ರವನ್ನು ಪರದೆಗೆ ಅಂಟಿಸಿ ನಕ್ಕು ಹೋಯಿತು. ಅದೇ ತಿಂಗಳು ನೆದರ್‌ಲ್ಯಾಂಡ್ಸ್‌ನಲ್ಲಿ ಅದರ ತಮ್ಮನಂಥದೊಂದು ಐಎನ್‌ಜಿ ಬ್ಯಾಂಕಿನ ಗ್ರಾಹಕರಿಗೆ ಬಲೆ ಬೀಸಿತು. ತಮಾಷೆ ಕಳ್ಳತನವಾಗಲು ತಿಂಗಳೂ ಬೇಕಾಗಲಿಲ್ಲ. 2015ರಲ್ಲಿ ಕೀರೇಡರ್ ಎಂಬ ಕುತಂತ್ರಾಂಶ ಜೈಲ್‌ಬ್ರೇಕ್ ಆದ ಫೋನುಗಳಿಂದ 2,25,000ಕ್ಕೂ ಹೆಚ್ಚು ಆಪಲ್ ಖಾತೆಗಳ ವಿವರ ದೋಚಿತು. ಕಾರಣ ಸರಳ. ಫೋನಿನಲ್ಲಿ ಪ್ರತಿ ಆ್ಯಪ್‌ಗೂ ಒಂದೊಂದು ಕೋಣೆ. ಪಕ್ಕದ ಕೋಣೆಗೆ ಇಣುಕುವಂತಿಲ್ಲ. ರೂಟ್, ಜೈಲ್‌ಬ್ರೇಕ್ ಎರಡೂ ಎಲ್ಲ ಕೋಣೆಗೂ ಹೊಂದುವ ಒಂದು ಕೀಲಿಯನ್ನು ಮಾಡಿಕೊಡುತ್ತವೆ. ರೂಟಾದ ಫೋನಿನಲ್ಲಿ ಬ್ಯಾಂಕಿನ ಆ್ಯಪ್‌ಗಳು ತೆರೆದುಕೊಳ್ಳಲು ಮುನಿಯುವುದು ಇದಕ್ಕೇ.

ನಮ್ಮ ಕಡೆ ರೂಟ್ ಮಾಡುವವರು ಈಗ ಅಪರೂಪ. ಹಾವಳಿ ಎಬ್ಬಿಸಿರುವುದು ಅದಕ್ಕಿಂತ ಸುಲಭದ ದಾರಿ: ಸ್ಟೋರಿನ ಗೊಡವೆಯಿಲ್ಲದೆ ಎಪಿಕೆ ಎಂಬ ಆ್ಯಪ್ ಫೈಲನ್ನು ನೇರವಾಗಿ ಹಾಕಿಕೊಳ್ಳುವುದು. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿದ್ದೇ ತಡ, ‘ಟಿಕ್‌ಟಾಕ್ ಪ್ರೊ’ ಹೆಸರಿನ ನಕಲಿ ಎಪಿಕೆ ವಾಟ್ಸ್ಯಾಪಿನಲ್ಲಿ ಹರಿದಾಡಿತು. ಮರುವರ್ಷ ರಿಸರ್ವ್ ಬ್ಯಾಂಕಿನ ಕಾರ್ಯತಂಡ 80ಕ್ಕೂ ಹೆಚ್ಚು ಆ್ಯಪ್ ಅಂಗಡಿಗಳನ್ನು ಜಾಲಾಡಿ, ಸುಮಾರು 1,100 ಸಾಲದ ಆ್ಯಪ್‌ಗಳಲ್ಲಿ 600 ಅಕ್ರಮವೆಂದಿತು. ಈಚೆಗೆ ಬರುತ್ತಿರುವುದು ‘ಪಿಎಂ ಕಿಸಾನ್’ ಹೆಸರಿನ ಫೈಲು, ಟ್ರಾಫಿಕ್ ಚಲನ್ ಹೆಸರಿನ ಫೈಲು. ಕಲ್ಯಾಣದುರ್ಗದಂಥ ಶೇಂಗಾ ಸೀಮೆಯಲ್ಲಿ ವರ್ಷಕ್ಕೆ ಮೂರು ಕಂತಿನಲ್ಲಿ ಬರುವ 6,000 ರೂಪಾಯಿಗೆ ಕಾಯದ ರೈತನುಂಟೆ? ಗುರುತಿನವರ ನಂಬರಿನಿಂದಲೇ ಬರುತ್ತದೆ, ಏಕೆಂದರೆ ಅವರ ವಾಟ್ಸ್ಯಾಪ್ ಮೊದಲೇ ಕೈತಪ್ಪಿರುತ್ತದೆ. ಒತ್ತಿದರೆ ‘ಅಪರಿಚಿತ ಮೂಲ’ ಎಂದು ಫೋನ್ ತಡೆಯುತ್ತದೆ. ಅನುಮತಿ ಕೊಟ್ಟರೆ ಎಸ್‌ಎಂಎಸ್ ಓದಲೇ ಎಂದು ಆ್ಯಪ್ ಕೇಳುತ್ತದೆ. ಹೂಂ ಅಂದರೆ ಮುಗಿಯಿತು. ಬ್ಯಾಂಕಿನ ಓಟಿಪಿ ರೈತನಿಗಿಂತ ಮೊದಲು ಕಳ್ಳನಿಗೆ ಮುಟ್ಟುತ್ತದೆ. ಇಲ್ಲಿ ರೂಟ್ ಬೇಕಿಲ್ಲ, ಜಾಣತನವೂ ಬೇಕಿಲ್ಲ.

ಅಧಿಕೃತ ಸ್ಟೋರೇನು ಸಾಚಾವೇ ಎಂದು ಕೇಳುವವರಿದ್ದಾರೆ. ಸಾಚಾ ಅಲ್ಲ, ಸಾಲದ ಆ್ಯಪ್‌ಗಳೆಷ್ಟೋ ಪ್ಲೇ ಸ್ಟೋರಿನಲ್ಲೇ ಕೂತಿದ್ದವು. ಆದರೆ ಸ್ಟೋರಿನಲ್ಲಿ ಸಿಕ್ಕಿಬಿದ್ದದ್ದನ್ನು ಕಿತ್ತೆಸೆಯಲು ಒಬ್ಬ ಯಜಮಾನನಿದ್ದಾನೆ. ವಾಟ್ಸ್ಯಾಪಿನಲ್ಲಿ ಕೈಯಿಂದ ಕೈಗೆ ದಾಟುವ ಫೈಲಿಗೆ ಅಂಥವನಿಲ್ಲ. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ: ಕಾಸು ಕೊಟ್ಟು ಕೊಂಡ ಫೋನ್ ನನ್ನದು, ಏನು ಹಾಕಬೇಕೆಂದು ಕಂಪನಿ ಏಕೆ ಹೇಳಬೇಕು? ಅಮೆರಿಕ 2010ರಲ್ಲೇ ಜೈಲ್‌ಬ್ರೇಕಿಗೆ ಹಕ್ಕುಸ್ವಾಮ್ಯ ಕಾನೂನಿನಿಂದ ವಿನಾಯಿತಿ ಕೊಟ್ಟಿತು. ಯುರೋಪಿನ ಕಾನೂನಿಗೆ ಮಣಿದು ಆಪಲ್ 2024ರ ಮಾರ್ಚಿನಲ್ಲಿ ಅಲ್ಲಿ ಬೇರೆ ಅಂಗಡಿಗಳನ್ನು ಒಳಬಿಟ್ಟಿತು. ಆಂಡ್ರಾಯ್ಡ್ ಮೇಲಿನ ಯಜಮಾನಿಕೆಯ ದುರುಪಯೋಗಕ್ಕಾಗಿ ನಮ್ಮ ಸ್ಪರ್ಧಾ ಆಯೋಗವೂ 2022ರಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಈ ವಾದವನ್ನು ನಾನು ಒಪ್ಪುತ್ತೇನೆ. ಕನ್ನಡದ ಚೌಕಗಳೇ ಅದಕ್ಕೆ ಸಾಕ್ಷಿ. ಆದರೆ ಹಕ್ಕು ಚಲಾಯಿಸುವವನು ತಾನಾಗಿಯೇ ಬಾಗಿಲು ತೆಗೆಯುತ್ತಾನೆ. ಕಂತು ನಿಲ್ಲುತ್ತದೆಂದು ಹೆದರಿಸಿ ತೆಗೆಸಿದ್ದನ್ನು ಸ್ವಾತಂತ್ರ್ಯವೆಂದು ಕರೆಯಲಾಗದು.

ಹೊರಗಿನಿಂದ ಹಾಕಿದ ಆ್ಯಪ್‌ಗೆ ಪರದೆ ಓದುವಂಥ ಅನುಮತಿ ಸುಲಭಕ್ಕೆ ಸಿಗದಂತೆ 2022ರ ಆಂಡ್ರಾಯ್ಡ್ 13 ಬಿಗಿ ಮಾಡಿತು. ಗುರುತು ದೃಢಪಡಿಸದ ತಯಾರಕರ ಆ್ಯಪ್‌ಗಳನ್ನು 2026ರಿಂದ ಕೆಲವು ದೇಶಗಳಲ್ಲಿ ಮೊದಲಾಗಿ ತಡೆಯುವುದಾಗಿ ಗೂಗಲ್ 2025ರಲ್ಲಿ ಸಾರಿದಾಗ, ಮುಕ್ತ ತಂತ್ರಾಂಶದವರು ಸಿಡಿದೆದ್ದರು. ಅವರ ಸಿಟ್ಟಿನಲ್ಲಿ ನ್ಯಾಯವಿದೆ. ಇಷ್ಟರ ನಡುವೆ ಯಾರ ಗಮನಕ್ಕೂ ಬಾರದ ಸಂಗತಿಯೊಂದಿದೆ. ಮನೆಯಲ್ಲಿ ಕನ್ನಡ ಆಡಿ, ಶಾಲೆಯಲ್ಲಿ ತೆಲುಗು ಕಲಿತವರ ಫೋನಿನಲ್ಲಿ ಎಷ್ಟೋ ಸಲ ಅಂಗಡಿಯವನು ಹಾಕಿಕೊಟ್ಟ ಇಂಗ್ಲಿಷೇ ಉಳಿದಿರುತ್ತದೆ. ಹಣ ಹೋದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕೆಂದು ಗೊತ್ತಿರುವವರಿಗೂ, ಹಣ ಹೋಗುವ ಮುನ್ನ ಪರದೆಯ ಮೇಲೆ ಮೂಡಿದ ಆ ‘ಅಪರಿಚಿತ ಮೂಲ’ದ ಇಂಗ್ಲಿಷ್ ಎಚ್ಚರಿಕೆ ಅರ್ಥವಾಗಿರುವುದಿಲ್ಲ. ಆ ಫೈಲು ಹೊತ್ತು ತಂದ ‘ಪಿಎಂ ಕಿಸಾನ್’ ಯೋಜನೆಯ ಲಾಂಛನ ಮಾತ್ರ ಓದು ಬಾರದವರಿಗೂ ಗುರುತು ಸಿಗುತ್ತದೆ.