ಬಸ್ಸಿನಲ್ಲಿ ಬರುವ ವಿದ್ಯಾರ್ಥಿಗಳಿಗೂ ಬೇಕು ಒಂದು ಬಿರಾದರಿ



ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲೂಕು ಕೇಂದ್ರಗಳಲ್ಲಿ ಇಂದು ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಸುತ್ತಲಿನ ಹಳ್ಳಿಗಳ ಮಕ್ಕಳು ಬೆಳಿಗ್ಗೆ ಬಸ್ಸು ಹಿಡಿದು ಬರುತ್ತಾರೆ, ಪಾಠ ಮುಗಿದೊಡನೆ ಬಸ್ಸು ತಪ್ಪೀತೆಂದು ನಿಲ್ದಾಣಕ್ಕೆ ಓಡುತ್ತಾರೆ. ಮೂರು ವರ್ಷ ಒಂದೇ ಬೆಂಚಿನ ಮೇಲೆ ಕುಳಿತರೂ ಒಬ್ಬರ ಮನೆಯ ಕಷ್ಟ ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಒಬ್ಬ ಹುಡುಗ ಅಥವಾ ಹುಡುಗಿ ನಡುವೆಯೇ ಕಾಲೇಜು ಬಿಟ್ಟರೆ ಯಾಕೆಂದು ಕೇಳುವವರು ಇರುವುದಿಲ್ಲ. ಈ ಕೊರತೆಯನ್ನು ಹಿಂದಿನವರು ಹೇಗೆ ತುಂಬಿಕೊಂಡರು ಎಂಬುದನ್ನು ಇತಿಹಾಸದಿಂದ ನೋಡೋಣ.

ಅಮೆರಿಕದ ಕಾಲೇಜುಗಳಲ್ಲಿ ಹುಡುಗರ ಸಂಘಕ್ಕೆ 'ಫ್ರಟರ್ನಿಟಿ', ಹುಡುಗಿಯರ ಸಂಘಕ್ಕೆ 'ಸೊರೊರಿಟಿ' ಎನ್ನುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ 'ಫ್ರಾಟರ್' ಎಂದರೆ ಸಹೋದರ, 'ಸೊರೊರ್' ಎಂದರೆ ಸಹೋದರಿ. ಸಂಸ್ಕೃತದ 'ಭ್ರಾತೃ', ಫಾರ್ಸಿಯ 'ಬಿರಾದರ್' ಕೂಡ ಇದೇ ಮೂಲದ ಮಾತುಗಳು. ನಮ್ಮ ಕಡೆ ದಿನವೂ ಬಳಸುವ 'ಬಿರಾದರಿ' ಹುಟ್ಟಿದ್ದು ಅದರಿಂದಲೇ.

ಆ ದೇಶದಲ್ಲಿ ಇಂಥ ಸಂಘಗಳ ಪರಂಪರೆ 1776ರಷ್ಟು ಹಳೆಯದು. ಆದರೆ ನಮಗೆ ಹತ್ತಿರವಾದ ಕಥೆ 1906ರದು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕಪ್ಪು ಜನಾಂಗದ ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟು. ಬಿಳಿಯರ ಸಂಘಗಳು ಅವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಊರಿನಲ್ಲಿ ಸಿಕ್ಕ ಸಿಕ್ಕ ಕಡೆ ಚದುರಿ ವಾಸಿಸುತ್ತಿದ್ದರು. 1904-05ರಲ್ಲಿ ಓದುತ್ತಿದ್ದ ಅಂಥ ಆರು ಮಂದಿ ಮರುವರ್ಷ ಕಾಲೇಜಿಗೆ ಮರಳಲೇ ಇಲ್ಲ. ಉಳಿದವರು ಎಚ್ಚೆತ್ತು, ಒಟ್ಟಿಗೆ ಕುಳಿತು ಓದುವ ಕೂಟವೊಂದನ್ನು ಮಾಡಿಕೊಂಡರು. ಅದೇ 1906ರ ಡಿಸೆಂಬರ್ 4ರಂದು 'ಆಲ್ಫಾ ಫೈ ಆಲ್ಫಾ' ಎಂಬ ಸಂಘವಾಯಿತು. ಮುಂದೆ ಮಾರ್ಟಿನ್ ಲೂಥರ್ ಕಿಂಗ್ ಕೂಡ ಅದರ ಸದಸ್ಯರಾದರು. 1908ರಲ್ಲಿ ವಾಷಿಂಗ್ಟನ್ನಿನ ಹೊವಾರ್ಡ್ ವಿಶ್ವವಿದ್ಯಾಲಯದ ಹುಡುಗಿಯರು 'ಆಲ್ಫಾ ಕಪ್ಪಾ ಆಲ್ಫಾ' ಕಟ್ಟಿದರು. ಅಮೆರಿಕದ ಉಪಾಧ್ಯಕ್ಷೆಯಾಗಿದ್ದ ಕಮಲಾ ಹ್ಯಾರಿಸ್ ಅದೇ ಸಂಘದವರು.

ನಮ್ಮ ದೇಶದಲ್ಲಿ ಇದಕ್ಕಿಂತ ಮೊದಲೇ ಅಲಿಗಢದಲ್ಲಿ ಇಂಥ ಕೆಲಸ ನಡೆದಿತ್ತು. ಸರ್ ಸಯ್ಯದ್ ಅಹಮದ್ ಖಾನರ ಕಾಲೇಜಿನಲ್ಲಿ 1890ರಲ್ಲಿ ಸಾಹಿಬ್‌ಜಾದಾ ಆಫ್ತಾಬ್ ಅಹಮದ್ ಖಾನರು 'ಅಂಜುಮನ್-ಉಲ್-ಫರ್ಜ್' ಸ್ಥಾಪಿಸಿದರು. 'ಫರ್ಜ್' ಎಂದರೆ ಕರ್ತವ್ಯ. ವಿದ್ಯಾರ್ಥಿಗಳೇ ರಜೆಯಲ್ಲಿ ಊರೂರು ತಿರುಗಿ ಚಂದಾ ಎತ್ತಿ, ಬಡ ವಿದ್ಯಾರ್ಥಿಗಳ ಓದಿಗೆ ಕೊಡುತ್ತಿದ್ದರು. ಸ್ನೇಹಕ್ಕೆ ಕರ್ತವ್ಯದ ಹೆಸರಿಟ್ಟದ್ದು ಗಮನಾರ್ಹ.

ಹೆಣ್ಣುಮಕ್ಕಳ ಕಥೆ ಇನ್ನೂ ಹೃದ್ಯ. 1906ರಲ್ಲಿ ಶೇಖ್ ಅಬ್ದುಲ್ಲಾ ಮತ್ತು ಅವರ ಪತ್ನಿ ವಹೀದ್ ಜಹಾನ್ ಬೇಗಂ ಅಲಿಗಢದಲ್ಲಿ ಬಾಲಕಿಯರ ಶಾಲೆ ತೆರೆದಾಗ, ಮಕ್ಕಳು ಪರದೆ ಹಾಕಿದ ಡೋಲಿಗಳಲ್ಲಿ ಬಂದು ಹೋಗುತ್ತಿದ್ದರು. 1914ರಲ್ಲಿ ವಸತಿಗೃಹವಾಯಿತು. ಮಕ್ಕಳಿಗೆ ಅವರು 'ಪಾಪಾ ಮಿಯಾಂ', ಆಕೆ 'ಆಲಾ ಬೀ' ಆದರು. ಮನೆಮಾತಿನ ಈ ಹೆಸರುಗಳು ಎಷ್ಟೋ ತಂದೆತಾಯಿಗಳ ಅಂಜಿಕೆ ಕಳೆದಿರಬೇಕು.

ಈಗ ನಮ್ಮ ನೆಲಕ್ಕೆ ಬರೋಣ. ನಿಜಾಮರ ಆಳ್ವಿಕೆಯಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ 1918ರಲ್ಲಿ ಆರಂಭವಾಯಿತು. ಪದವಿ ಬೇಕೆಂದರೆ ಈ ಭಾಗದವರು ಹೈದರಾಬಾದಿನಂಥ ದೂರದ ಊರು ಸೇರಬೇಕಿತ್ತು. ಅಲ್ಲಿನ ವಸತಿಗೃಹಗಳೇ ಅವರಿಗೆ ಬಿರಾದರಿ ಕೊಟ್ಟವು. ಕಲಬುರ್ಗಿಯಲ್ಲಿ 1958ರಲ್ಲಿ ಮಹಾದೇವಪ್ಪ ರಾಂಪುರೆಯವರ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ, 1966ರಲ್ಲಿ ಖಾಜಾ ಶಿಕ್ಷಣ ಸಂಸ್ಥೆ, 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಬಂದವು. ಮುಂದೆ ಕಾಲೇಜು ತಾಲೂಕಿಗೂ ಬಂತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನ ಪ್ರಯಾಣವೂ ಉಚಿತವಾಯಿತು. ಕಾಲೇಜು ಹತ್ತಿರವಾಯಿತು, ಆದರೆ ಒಟ್ಟಿಗೆ ಇರುವ ರಾತ್ರಿಗಳು ಇಲ್ಲವಾದವು. ಇದು ದೂರಬೇಕಾದ ಮಾತಲ್ಲ, ತುಂಬಿಕೊಳ್ಳಬೇಕಾದ ಜಾಗ.

ಹಾಗೆಂದು ಅಮೆರಿಕದ ಪದ್ಧತಿಯನ್ನು ಕಣ್ಣುಮುಚ್ಚಿ ತರಬೇಕೆಂದಲ್ಲ. ಅಲ್ಲಿ ಹೊಸಬರನ್ನು ಹಿಂಸಿಸುವ ಚಟ ಎಷ್ಟೋ ಜೀವಗಳನ್ನು ಬಲಿ ತೆಗೆದುಕೊಂಡಿದೆ. ನಮ್ಮಲ್ಲಿ ಅದರ ಹೆಸರು ರ್‍ಯಾಗಿಂಗ್. 2009ರಲ್ಲಿ ಯುಜಿಸಿ ಅದರ ವಿರುದ್ಧ ನಿಯಮಾವಳಿಯನ್ನೇ ತಂದಿತು. ಒಂದೇ ಜಾತಿಯ, ಒಂದೇ ಧರ್ಮದವರ ಗುಂಪು ಕಟ್ಟಿದರೆ ಅದೂ ಬಿರಾದರಿಯಲ್ಲ. ಬಾಗಿಲು ಮುಚ್ಚಿದ ಸಂಘಗಳಿಂದ ನೊಂದವರೇ ಕಾರ್ನೆಲ್‌ನಲ್ಲಿ ಹೊಸ ಸಂಘ ಕಟ್ಟಿದರೆಂಬುದನ್ನು ಮರೆಯಬಾರದು.

ಮಾಡಬೇಕಾದದ್ದು ಸಣ್ಣ ಕೆಲಸ. ಒಂದೇ ಮಾರ್ಗದ ಬಸ್ಸಿನಲ್ಲಿ ಬರುವ ಎಂಟು ಹತ್ತು ಮಂದಿ ಒಂದು ಕೂಟ ಮಾಡಿಕೊಳ್ಳಲಿ. ಹುಡುಗಿಯರ ಕೂಟಕ್ಕೆ ಒಬ್ಬ ಉಪನ್ಯಾಸಕಿ ಆಸರೆಯಾಗಲಿ. ಯಾರಾದರೂ ಮೂರು ದಿನ ಬರದಿದ್ದರೆ ಒಬ್ಬರು ಮನೆಗೆ ಹೋಗಿ ವಿಚಾರಿಸಲಿ, ತಪ್ಪಿದ ಪಾಠದ ನೋಟ್ಸ್ ಕೊಡಲಿ. ಹಿರಿಯರು ಪಾಸಾದ ಮೇಲೆ ಪುಸ್ತಕಗಳನ್ನು ಕಿರಿಯರಿಗೆ ಬಿಟ್ಟು ಹೋಗಲಿ. ಪರೀಕ್ಷಾ ಶುಲ್ಕಕ್ಕೆ ಪರದಾಡುವವರಿಗಾಗಿ ತಿಂಗಳಿಗೆ ಹತ್ತು ರೂಪಾಯಿ ಕೂಡಿಡಲಿ, ಅದರ ಲೆಕ್ಕ ಪ್ರಾಂಶುಪಾಲರ ಕಣ್ಣ ಮುಂದಿರಲಿ.

ವಸತಿಗೃಹ ಕಟ್ಟಲು ಸರಕಾರ, ದಾನಿಗಳು ಬೇಕು. ಜೊತೆಗಾರ ಯಾಕೆ ಬರಲಿಲ್ಲ ಎಂದು ಕೇಳಲು ಯಾರ ಅನುದಾನವೂ ಬೇಡ. ನಿಮ್ಮ ಮನೆಯಿಂದ ಕಾಲೇಜಿಗೆ ಹೋಗುವ ಮಗ ಅಥವಾ ಮಗಳಿದ್ದರೆ, ನಿನ್ನ ಬಸ್ಸಿನಲ್ಲಿ ಇನ್ಯಾರು ಬರುತ್ತಾರೆ ಎಂದು ಇಂದೇ ಕೇಳಿ ನೋಡಿ.