ಗಡಿರೇಖೆ ಮತ್ತು ಕಾಲ್ಚೆಂಡು: ಕೀರ್ತಿಮಂದಿರಕ್ಕೆ ಮೊದಲು ಯಾರು?

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಹೋಳಾಯಿತು. ಬಳ್ಳಾರಿ ಮೈಸೂರಿಗೆ ಬಂದರೆ ರಾಯದುರ್ಗ ಆಂಧ್ರದ ಅನಂತಪುರ ಜಿಲ್ಲೆಗೆ ಸೇರಿತು. ಆ ಜಿಲ್ಲೆಯ ಮಡಕಶಿರದ ಕನ್ನಡಿಗರಂತೆ ರಾಯದುರ್ಗದ ಕನ್ನಡಿಗರೂ ಗಡಿಯಾಚೆಯವರಾದರು. 1956ರಲ್ಲಿ ಕಾಸರಗೋಡಿನ ಸರದಿ. ಗೆರೆಯ ಮೇಲಿರುವವರನ್ನು ಎರಡು ಕಡೆಯವರೂ ತಮ್ಮ ಲೆಕ್ಕಕ್ಕೆ ಹಿಡಿಯುವುದಿಲ್ಲವೆಂಬುದು ಇಲ್ಲಿಯವರ ಅನುಭವ. ಕಾಲ್ಚೆಂಡಿನ ಕೀರ್ತಿಮಂದಿರಕ್ಕೆ ತಡವಿಲ್ಲದೆ ಯಾರನ್ನು ಸೇರಿಸಬೇಕೆಂದು ಚರ್ಚಿಸುವಾಗಲೂ ರಾಜ್ಯವಾರು ಪಟ್ಟಿ ಹಿಡಿದರೆ ಇದೇ ಅನ್ಯಾಯ ನಡೆಯುತ್ತದೆ.

ಅಹ್ಮದ್ ಖಾನರನ್ನೇ ನೋಡಿ. ಹುಟ್ಟಿದ್ದು ಬೆಂಗಳೂರಿನಲ್ಲಿ, 1926ರಲ್ಲಿ. ಹೆಸರಾದದ್ದು ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದ 'ಪಂಚಪಾಂಡವ'ರಲ್ಲಿ ಒಬ್ಬರಾಗಿ. 1948 ಮತ್ತು 1952ರ ಒಲಿಂಪಿಕ್ಸ್ ಆಡಿದರು. 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ನಮ್ಮನ್ನು 10-1ರಿಂದ ಸೋಲಿಸಿದಾಗ ಆ ಒಂದು ಗೋಲು ಅವರದು. ಅವರು ಬಂಗಾಳದವರೋ ಮೈಸೂರಿನವರೋ ಎಂದು ಜಗ್ಗಾಡುವುದರಲ್ಲಿ ಅರ್ಥವಿಲ್ಲ. 2017ರಲ್ಲಿ ತೀರಿಕೊಂಡ ಅವರಿಗೇ ನನ್ನ ಮೊದಲ ಮತ.

ಎರಡನೆಯವರು ಸಾರಂಗಪಾಣಿ ರಾಮನ್. 1948ರ ಜುಲೈ 31ರಂದು ಲಂಡನ್ನಿನ ಇಲ್ಫರ್ಡಿನಲ್ಲಿ ಫ್ರಾನ್ಸಿನೆದುರು ನಮ್ಮ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಇಳಿದಿದ್ದರು. ಎರಡು ಪೆನಾಲ್ಟಿಗಳು ವ್ಯರ್ಥವಾದವು. ಪಂದ್ಯ 1-2ರಿಂದ ಕೈತಪ್ಪಿತು. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಮಾತ್ರ ರಾಮನ್ ಕಾಲಿನಿಂದ ಬಂತು. ಒಂದೇ ಗೋಲಿಗೆ ಇಷ್ಟು ಮರ್ಯಾದೆಯೇ ಎನ್ನುವವರುಂಟು. ಗೋಲುಗಳನ್ನು ಎಣಿಸುವುದಷ್ಟೇ ಕೀರ್ತಿಮಂದಿರದ ಕೆಲಸವಾದರೆ ಅದಕ್ಕೊಂದು ಲೆಕ್ಕದ ಪುಸ್ತಕ ಸಾಕು. ದಾರಿ ತೆರೆದವರನ್ನು ನೆನೆಯುವುದಕ್ಕೆ ತಾನೇ ಮಂದಿರ ಬೇಕಾಗುವುದು?

ಮೂರನೆಯ ಸ್ಥಾನ ಇಬ್ಬರದು, ಒಟ್ಟಿಗೆ. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಭಾರತ ಆಸ್ಟ್ರೇಲಿಯವನ್ನು 4-2ರಿಂದ ಮಣಿಸಿ ಕಡೆಗೆ ನಾಲ್ಕನೆಯ ಸ್ಥಾನ ಪಡೆಯಿತು. ಆ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯನವರಿದ್ದರು, ಕೋಯಿಕ್ಕೋಡಿನ ಟಿ. ಅಬ್ದುಲ್ ರಹಿಮಾನರೂ ಇದ್ದರು. ಮಲಬಾರಿನ ಜನ ಇವರನ್ನು 'ಒಲಿಂಪಿಯನ್ ರಹಿಮಾನ್' ಎಂದೇ ಕರೆದರು. ಹೆಸರಿನಲ್ಲೇ ಊರು ಪ್ರಶಸ್ತಿ ಕೊಟ್ಟಿತು. ಕೆಂಪಯ್ಯನವರು 1960ರ ರೋಮ್ ಒಲಿಂಪಿಕ್ಸಿಗೂ ಹೋದರು. ಇಬ್ಬರದೂ ಹಿಂದೆ ನಿಂತು ಎದುರಾಳಿಯನ್ನು ತಡೆಯುವ ಕೆಲಸ. ಗೋಲು ಹೊಡೆದವರ ಹೆಸರು ಮರುದಿನದ ಪತ್ರಿಕೆಯಲ್ಲಿ ಬರುತ್ತದೆ, ತಡೆದವರದು ಅಪರೂಪ.

ಅದೇ ವರ್ಷ, ಒಂದೇ ತಿಂಗಳ ಹಿಂದೆ, ನವೆಂಬರ್ 1ರಂದು ಮೈಸೂರು ಮತ್ತು ಕೇರಳಗಳ ನಡುವೆ ಹೊಸ ಗೆರೆ ಬಿದ್ದಿತ್ತು. ಮೆಲ್ಬರ್ನಿನ ಮೈದಾನದಲ್ಲಿ ಅದು ಕಾಣಿಸಲಿಲ್ಲ. ಪಟ್ಟಿ ಬರೆಯುವವರು ಇದೊಂದನ್ನು ಗಮನಿಸಿದರೆ ಸಾಕು.