ಎಲ್ಲವನ್ನೂ ತುಂಬಿಕೊಂಡ ಚೀಲ: ಇಂಗ್ಲಿಷ್ ಆಡ್‌ವರ್ಬ್‌ನ ಹಿಂದಿನ ಕಥೆ

ನೌನ್ ಎಂದರೇನು ಎಂದು ಕೇಳಿದರೆ ಹೈಸ್ಕೂಲು ಮಕ್ಕಳೂ ಥಟ್ಟನೆ ಉದಾಹರಣೆ ಕೊಡುತ್ತಾರೆ. ಆಡ್‌ವರ್ಬ್ ಎಂದರೇನು ಎಂದು ಕೇಳಿದರೆ ಎಂ.ಎ. ಓದಿದವರೂ ಒಂದು ಕ್ಷಣ ತಡವರಿಸುತ್ತಾರೆ. ‘ಕ್ವಿಕ್‌ಲಿ’ ಆಡ್‌ವರ್ಬ್. ‘ವೆರಿ’ ಕೂಡ ಆಡ್‌ವರ್ಬ್. ‘ಟುಮಾರೋ’, ‘ಹಿಯರ್’, ‘ನಾಟ್’, ‘ಪರ್‌ಹ್ಯಾಪ್ಸ್’ ಎಲ್ಲವೂ ಅದೇ. ಇವುಗಳಲ್ಲಿ ಸಮಾನವಾದದ್ದು ಏನಿದೆ? ಹೆಚ್ಚೇನೂ ಇಲ್ಲ. ಹೀಗೇಕಾಯಿತು ಎಂಬುದಕ್ಕೆ ಉತ್ತರ ವ್ಯಾಕರಣದ ನಿಯಮಗಳಿಗಿಂತ ವ್ಯಾಕರಣದ ಚರಿತ್ರೆಯಲ್ಲಿ ಸಿಗುತ್ತದೆ.

ಕ್ರಿಸ್ತಪೂರ್ವ ಎರಡನೆಯ ಶತಮಾನದ ಅಲೆಕ್ಸಾಂಡ್ರಿಯಾದ ಪಂಡಿತ ಡಯೊನೀಸಿಯಸ್ ಥ್ರಾಕ್ಸ್‌ನ ಹೆಸರಿನಲ್ಲಿ ಒಂದು ಪುಟ್ಟ ಗ್ರೀಕ್ ವ್ಯಾಕರಣ ಉಳಿದುಬಂದಿದೆ. ಅದರಲ್ಲಿ ಪದಗಳಿಗೆ ಎಂಟು ವರ್ಗ. ಅವುಗಳಲ್ಲೊಂದು ‘ಎಪಿರ್‍ರೇಮ’, ಅಂದರೆ ಕ್ರಿಯಾಪದದ ಜೊತೆಗೆ ಬರುವುದು. ಅದರ ಕೆಳಗೆ ಇಪ್ಪತ್ತಕ್ಕೂ ಹೆಚ್ಚು ವಿಧಗಳು: ಕಾಲ, ಸ್ಥಳ, ರೀತಿ, ಪ್ರಮಾಣ ಮಾತ್ರವಲ್ಲ; ನಿರಾಕರಣೆ, ಒಪ್ಪಿಗೆ, ಊಹೆ, ಆಶ್ಚರ್ಯ, ಕೊನೆಗೆ ಆಣೆ ಇಡುವ ಪದಗಳೂ ಸೇರಿವೆ. ನಾಮಪದದಂತೆ ವಿಭಕ್ತಿ ಹಚ್ಚದ, ಕ್ರಿಯಾಪದದಂತೆ ರೂಪ ಬದಲಿಸದ, ಬೇರೆಲ್ಲೂ ಕೂರದ ಪದಗಳೆಲ್ಲ ಇಲ್ಲಿಗೆ ಬಂದವು. ಸ್ಟೋಯಿಕ್ ಚಿಂತಕರು ಈ ವರ್ಗವನ್ನು ‘ಎಲ್ಲವನ್ನೂ ಒಳಗೊಳ್ಳುವುದು’ ಎಂಬ ಅರ್ಥದ ಹೆಸರಿನಿಂದ ಕರೆದರಂತೆ. ನನಗಂತೂ ಅದೇ ಹೆಚ್ಚು ಪ್ರಾಮಾಣಿಕವಾದ ಹೆಸರು ಎನ್ನಿಸುತ್ತದೆ.

ರೋಮಿನವರು ಈ ಎಂಟರ ಲೆಕ್ಕವನ್ನು ಎತ್ತಿಕೊಂಡಾಗ ಒಂದು ತೊಡಕು ಬಂತು. ಗ್ರೀಕ್‌ನಲ್ಲಿದ್ದ ಆರ್ಟಿಕಲ್ ಲ್ಯಾಟಿನ್‌ನಲ್ಲಿ ಇರಲಿಲ್ಲ. ಒಂದು ಕಳೆದರೆ ಏಳೇ ಉಳಿಯುತ್ತವೆ. ಆಗ ಆಡ್‌ವರ್ಬ್‌ನ ಚೀಲದೊಳಗಿದ್ದ ‘ಅಯ್ಯೋ’, ‘ಆಹಾ’ ಬಗೆಯ ಉದ್ಗಾರಗಳನ್ನು ಹೊರತೆಗೆದು ‘ಇಂಟರ್‌ಜೆಕ್ಷನ್’ ಎಂಬ ಪ್ರತ್ಯೇಕ ವರ್ಗ ಮಾಡಿದರು. ಲೆಕ್ಕ ಮತ್ತೆ ಎಂಟಾಯಿತು. ‘ಎಪಿರ್‍ರೇಮ’ವನ್ನು ಅಕ್ಷರಶಃ ಅನುವಾದಿಸಿ ‘ಆಡ್‌ವರ್ಬಿಯಂ’ ಎಂದರು. ನಾಲ್ಕನೆಯ ಶತಮಾನದ ಡೊನಾಟಸ್ ಮತ್ತು ಕ್ರಿ.ಶ. 500ರ ಸುಮಾರಿಗೆ ಕಾನ್‌ಸ್ಟಾಂಟಿನೋಪಲ್‌ನಲ್ಲಿದ್ದ ಪ್ರಿಸಿಯನ್ ಬರೆದ ಪುಸ್ತಕಗಳ ಮೂಲಕ ಈ ವ್ಯವಸ್ಥೆ ಯುರೋಪಿನ ಶಾಲೆಗಳನ್ನು ಸಾವಿರ ವರ್ಷ ಆಳಿತು.

ಇಂಗ್ಲಿಷ್‌ಗೆ ಮೊದಲ ವ್ಯಾಕರಣ ಬಂದದ್ದು 1586ರಲ್ಲಿ. ಬರೆದವನು ವಿಲಿಯಂ ಬುಲೊಕರ್. ಇಂಗ್ಲಿಷ್‌ಗೂ ಲ್ಯಾಟಿನ್‌ನಂತೆ ನಿಯಮಗಳಿವೆ ಎಂದು ತೋರಿಸುವ ಹಂಬಲ ಅವನದು. ಅದಕ್ಕಾಗಿ ಆಗಿನ ಶಾಲೆಗಳಲ್ಲಿ ಓದಿಸುತ್ತಿದ್ದ ಲಿಲಿಯ ಲ್ಯಾಟಿನ್ ವ್ಯಾಕರಣದ ಅಚ್ಚಿನಲ್ಲೇ ತನ್ನ ಭಾಷೆಯನ್ನು ಎರಕ ಹೊಯ್ದ. ಹಳೆಯ ಚೀಲವೂ ಜೊತೆಯಲ್ಲೇ ಬಂತು.

ಆದರೆ ಇಂಗ್ಲಿಷ್ ಆಡ್‌ವರ್ಬ್‌ಗೆ ತನ್ನದೇ ಆದ ಇನ್ನೊಂದು ಚರಿತ್ರೆಯಿದೆ. ನಮ್ಮ ವಿದ್ಯಾರ್ಥಿಗಳಿಗೆ ಅದೇ ಹೆಚ್ಚು ಬೇಕಾದದ್ದು. ಸಂಶೋಧನೆಯ ನಡುವೆ ನಾನು ಪದವಿ ತರಗತಿಗಳಿಗೆ ಇಂಗ್ಲಿಷ್ ಪಾಠ ಮಾಡಿದ್ದೇನೆ. ಕನ್ನಡ ಮಾಧ್ಯಮದಿಂದ ಬಂದ ಹುಡುಗನೊಬ್ಬ ಕೆಲಸದ ಅರ್ಜಿಯ ಅಭ್ಯಾಸದಲ್ಲಿ ‘ಐ ವಿಲ್ ವರ್ಕ್ ಹಾರ್ಡ್‌ಲಿ’ ಎಂದು ಬರೆದ. ಕಷ್ಟಪಟ್ಟು ದುಡಿಯುತ್ತೇನೆ ಎನ್ನಲು ಹೋಗಿ, ದುಡಿಯುವುದೇ ಅಪರೂಪ ಎಂಬ ಅರ್ಥದ ಹತ್ತಿರ ಬಂದು ನಿಂತಿದ್ದ. ತರಗತಿ ನಕ್ಕಿತು. ಅವನ ಮುಖ ಸಣ್ಣದಾಯಿತು. ಗುಣವಾಚಕಕ್ಕೆ ‘ಲಿ’ ಸೇರಿಸಿದರೆ ಆಡ್‌ವರ್ಬ್ ಎಂಬ ನಿಯಮವನ್ನು ಅವನಿಗೆ ಕಲಿಸಿದವರು ನಾವೇ. ಅವನು ಅದನ್ನು ನಿಷ್ಠೆಯಿಂದ ಪಾಲಿಸಿದ್ದ, ಅಷ್ಟೆ.

ಹಳೆಯ ಇಂಗ್ಲಿಷ್‌ನಲ್ಲಿ ಆಡ್‌ವರ್ಬ್ ಮಾಡಲು ಎರಡು ದಾರಿಗಳಿದ್ದವು. ಒಂದು, ಗುಣವಾಚಕದ ಕೊನೆಗೆ ‘ಎ’ ಸ್ವರ ಹಚ್ಚುವುದು. ‘ಹಾರ್ಡ್’ ಎಂಬುದರ ಪ್ರಾಚೀನ ರೂಪಕ್ಕೆ ‘ಎ’ ಸೇರಿದರೆ ಕ್ರಿಯೆಯ ರೀತಿ ಹೇಳುವ ಪದ ಸಿದ್ಧ. ಮಧ್ಯಯುಗ ಮುಗಿಯುವ ಹೊತ್ತಿಗೆ ಪದಾಂತ್ಯದ ಈ ಸ್ವರ ಇಂಗ್ಲಿಷರ ಬಾಯಲ್ಲಿ ಸವೆದುಹೋಯಿತು. ಹಾಗಾಗಿ ಗುಣವಾಚಕವೂ ‘ಹಾರ್ಡ್’, ಆಡ್‌ವರ್ಬೂ ‘ಹಾರ್ಡ್’. ‘ಫಾಸ್ಟ್’ನ ಕಥೆಯೂ ಇದೇ. ನಮ್ಮ ಮಕ್ಕಳು ಬರೆಯುವ ‘ಫಾಸ್ಟ್‌ಲಿ’ ತಪ್ಪಾಗುವುದು ಇದರಿಂದಲೇ. ಅಂದಹಾಗೆ, ‘ಫಾಸ್ಟ್’ಗೆ ಮೊದಲಿದ್ದ ಅರ್ಥ ‘ಭದ್ರವಾಗಿ’. ಗಾಢ ನಿದ್ದೆಗೆ ‘ಫಾಸ್ಟ್ ಅಸ್ಲೀಪ್’ ಎನ್ನುವಲ್ಲಿ ಅದು ಇನ್ನೂ ಜೀವಂತವಾಗಿದೆ.

ಎರಡನೆಯ ದಾರಿ ‘ಲೀಚ್’ ಎಂಬ ಪದದ್ದು. ಅದಕ್ಕೆ ದೇಹ, ಆಕಾರ ಎಂಬ ಅರ್ಥ. ಹೆಣ ಎಂದೂ ಆಗುತ್ತಿತ್ತು. ಇಂಗ್ಲೆಂಡಿನ ಹಳೆಯ ಚರ್ಚುಗಳಲ್ಲಿ ಶವಪೆಟ್ಟಿಗೆಯನ್ನು ಇಳಿಸಿ ಪಾದ್ರಿಗಾಗಿ ಕಾಯುತ್ತಿದ್ದ ಹೆಬ್ಬಾಗಿಲಿಗೆ ಇಂದಿಗೂ ‘ಲಿಚ್‌ಗೇಟ್’ ಎಂದೇ ಹೆಸರು. ಇದೇ ಪದ ಪ್ರತ್ಯಯವಾಗಿ, ‘ಅಂಥ ರೂಪದ’ ಎಂಬ ಅರ್ಥದಲ್ಲಿ ಗುಣವಾಚಕಗಳನ್ನು ಹುಟ್ಟಿಸಿತು. ‘ಫ್ರೆಂಡ್‌ಲಿ’, ‘ಲವ್‌ಲಿ’ ಆ ಸಾಲಿನವು. ಅದಕ್ಕೂ ‘ಎ’ ಸೇರಿ ಆಡ್‌ವರ್ಬ್‌ಗಳಾದವು. ಕೊನೆಯ ಸ್ವರ ಸವೆದ ಮೇಲೆ ಎರಡಕ್ಕೂ ಉಳಿದದ್ದು ‘ಲಿ’ ಒಂದೇ. ಒಮ್ಮೆ ‘ಧೈರ್ಯವಾಗಿ’, ‘ಬಲವಾಗಿ’ ಎಂಬ ಅರ್ಥವಿದ್ದ ‘ಹಾರ್ಡ್‌ಲಿ’, ಮುಂದೆ ‘ಕಷ್ಟದಿಂದ’ ಎಂದಾಗಿ, ಅಲ್ಲಿಂದ ಜಾರಿ ‘ಇಲ್ಲವೆನ್ನುವಷ್ಟು’ ಎಂಬಲ್ಲಿ ನಿಂತಿತು. ಆ ಹುಡುಗ ಕೆಲವು ಶತಮಾನ ಮೊದಲು ಹುಟ್ಟಿದ್ದರೆ ಅವನ ವಾಕ್ಯವನ್ನು ಯಾರೂ ನಗುತ್ತಿರಲಿಲ್ಲ.

‘ಲಿ’ ಇಲ್ಲದ ಆಡ್‌ವರ್ಬ್‌ಗಳನ್ನು ಶೇಕ್ಸ್‌ಪಿಯರ್ ಧಾರಾಳವಾಗಿ ಬಳಸಿದ್ದಾನೆ. ಅವು ತಪ್ಪೆಂದು ಹೇಳುವ ಅಭ್ಯಾಸ ಬಲವಾದದ್ದು ಹದಿನೆಂಟನೆಯ ಶತಮಾನದಲ್ಲಿ. ಮುಂದೆ ಲಂಡನ್ನಿನ ಬಿಷಪ್ ಆದ ರಾಬರ್ಟ್ ಲೌತ್ 1762ರಲ್ಲಿ ಪ್ರಕಟಿಸಿದ ವ್ಯಾಕರಣದ ಅಡಿಟಿಪ್ಪಣಿಗಳಲ್ಲಿ ದೊಡ್ಡ ಲೇಖಕರ ವಾಕ್ಯಗಳಿಗೇ ತಿದ್ದುಪಡಿ ಬಿದ್ದಿತು. ಡ್ರೈಡನ್, ಸ್ವಿಫ್ಟ್ ಅಂಥವರೂ ಪಾರಾಗಲಿಲ್ಲ. 1795ರಲ್ಲಿ ಲಿಂಡ್ಲಿ ಮರ್‍ರೆ ಯಾರ್ಕ್‌ನ ಒಂದು ಹೆಣ್ಣುಮಕ್ಕಳ ಶಾಲೆಗಾಗಿ ಬರೆದ ಪುಸ್ತಕ ಲೌತ್‌ನನ್ನೇ ಅನುಸರಿಸಿತು. ಅಟ್ಲಾಂಟಿಕ್‌ನ ಎರಡೂ ದಡಗಳಲ್ಲಿ ಅದು ಲಕ್ಷಾಂತರ ಪ್ರತಿ ಮಾರಾಟವಾಯಿತು. ನುಡಿಯ ಒಂದು ಬಳಕೆ ಹೀಗೆ ಶಾಲೆಯ ತಪ್ಪಾಯಿತು.

ನಮಗೆ ಈ ಪರಂಪರೆ ತಲುಪಿದ್ದು ನೆಸ್‌ಫೀಲ್ಡ್ ಮತ್ತು ರೆನ್ ಅಂಡ್ ಮಾರ್ಟಿನ್ ಪುಸ್ತಕಗಳಿಂದ. ಕಾಲ, ಸ್ಥಳ, ರೀತಿ, ಪ್ರಮಾಣ, ಆವರ್ತನೆ, ಒಪ್ಪಿಗೆ-ನಿರಾಕರಣೆ ಎಂದು ನಾವು ಬಾಯಿಪಾಠ ಮಾಡಿದ ಪಟ್ಟಿಯನ್ನು ಡಯೊನೀಸಿಯಸ್‌ನ ಪಟ್ಟಿಯ ಪಕ್ಕದಲ್ಲಿಟ್ಟರೆ ಮನೆತನದ ಹೋಲಿಕೆ ಕಾಣುತ್ತದೆ. ಆಣೆಯ ಪದಗಳು ಮಾತ್ರ ದಾರಿಯಲ್ಲಿ ಉದುರಿಹೋಗಿವೆ.

ಕನ್ನಡದವರು ಇದಕ್ಕೆ ಕೊಟ್ಟ ‘ಕ್ರಿಯಾವಿಶೇಷಣ’ ಎಂಬ ಹೆಸರು ಸಂಸ್ಕೃತದಿಂದ ಬಂದದ್ದು. ಅಲ್ಲಿ ಅದು ವಾಕ್ಯದಲ್ಲಿ ಪದ ಮಾಡುವ ಕೆಲಸದ ಹೆಸರು, ಪದಜಾತಿಯ ಹೆಸರಲ್ಲ. ಯಾಸ್ಕನ ನಾಮ, ಆಖ್ಯಾತ, ಉಪಸರ್ಗ, ನಿಪಾತಗಳಲ್ಲಿ ಅಂಥ ವರ್ಗವಿಲ್ಲ. ಕನ್ನಡವಂತೂ ಈ ಕೆಲಸವನ್ನು ಹೆಚ್ಚಾಗಿ ‘ಆಗು’ ಎಂಬ ಕ್ರಿಯಾಪದದಿಂದ ಮಾಡಿಸಿಕೊಳ್ಳುತ್ತದೆ: ಚೆನ್ನಾಗಿ, ಜೋರಾಗಿ, ಸುಂದರವಾಗಿ. ಇಂಗ್ಲಿಷ್ ದೇಹ ಎಂಬ ಪದದಿಂದ ‘ಲಿ’ ಪಡೆಯಿತು. ಫ್ರೆಂಚ್‌ನ ‘ಮಾಂ’ ಪ್ರತ್ಯಯ ಮನಸ್ಸು ಎಂಬರ್ಥದ ಲ್ಯಾಟಿನ್ ಪದದಿಂದ ಬಂತು. ಕನ್ನಡ ಆರಿಸಿಕೊಂಡದ್ದು ಆಗುವಿಕೆಯನ್ನು. ಈ ಮೂರನ್ನು ಹಲಗೆಯ ಮೇಲೆ ಒಟ್ಟಿಗೆ ಬರೆದಾಗ ತರಗತಿಯಲ್ಲಿ ನಿದ್ದೆ ಮಾಡುವವರೂ ತಲೆ ಎತ್ತುತ್ತಾರೆ.

ಇತ್ತೀಚೆಗೆ ಚೀಲವನ್ನು ಖಾಲಿ ಮಾಡುವ ಕೆಲಸ ಶುರುವಾಗಿದೆ. ಹಡಲ್‌ಸ್ಟನ್ ಮತ್ತು ಪುಲ್ಲಮ್ 2002ರಲ್ಲಿ ಹೊರತಂದ ಕೇಂಬ್ರಿಡ್ಜ್ ವ್ಯಾಕರಣ ‘ಹಿಯರ್’, ‘ನೌ’ಗಳನ್ನು ಪ್ರಿಪೊಸಿಷನ್‌ಗಳ ಜೊತೆ ಸೇರಿಸಿತು, ‘ಯೆಸ್ಟರ್‌ಡೇ’, ‘ಟುಡೇ’, ‘ಟುಮಾರೋ’ಗಳನ್ನು ಸರ್ವನಾಮಗಳೆಂದಿತು. ಈ ಕೊನೆಯ ಮೂರು ನಾಮಪದಗಳಂತೆಯೇ ಕರ್ತೃಸ್ಥಾನದಲ್ಲಿ ನಿಲ್ಲುತ್ತವೆ, ಷಷ್ಠಿಯ ರೂಪವನ್ನೂ ತಾಳುತ್ತವೆ. ಇಂಗ್ಲಿಷ್ ಪಂಡಿತರಿಗೆ ಇದು ದೊಡ್ಡ ಚರ್ಚೆಯ ವಿಷಯವಾಯಿತು. ‘ನಿನ್ನೆಯ ಪತ್ರಿಕೆ’, ‘ನಾಳೆಗೆ ಇರಲಿ’, ‘ಇಲ್ಲಿಂದ ಹೊರಡು’ ಎಂದು ದಿನವಿಡೀ ಈ ಪದಗಳಿಗೆ ವಿಭಕ್ತಿ ಹಚ್ಚುವ ನಮ್ಮ ಮಕ್ಕಳಿಗೆ ಇದರಲ್ಲಿ ಅಚ್ಚರಿಯೇನೂ ಕಾಣುವುದಿಲ್ಲ. ಆದರೂ ಪರೀಕ್ಷೆಯಲ್ಲಿ ‘ಯೆಸ್ಟರ್‌ಡೇ’ ಇನ್ನೂ ಆಡ್‌ವರ್ಬ್ ಆಫ್ ಟೈಮ್. ಹಾಗೆ ಬರೆದರೇ ಅಂಕ. ಸದ್ಯಕ್ಕೆ ಹಾಗೇ ಬರೆಯಿರಿ ಎಂದು ನಾನೂ ಹೇಳುತ್ತೇನೆ. ಹೇಳಿದ ಮೇಲೆ ‘ನಿನ್ನೆಯ ಪತ್ರಿಕೆ’ ಎಂದು ಹಲಗೆಯ ಮೇಲೆ ಬರೆದು, ಇದು ಯಾವ ಜಾತಿಯ ಪದ ಎಂದು ಕೇಳುತ್ತೇನೆ.